ಕಾಲಿನ ಮೇಲೆ ಜೇಡರ ಬಲೆಯಂಥ ನೇರಳೆ ಎಳೆಗಳು: ಚಿಕಿತ್ಸೆಗೆ ಹಣ ಕಟ್ಟುವ ಮುನ್ನ ಮತ್ತು ನಂತರ

ದೀಪಾವಳಿ ಮುಗಿದು ಮನೆಮನೆಗಳಲ್ಲಿ ಮದುವೆಯ ಮಾತುಕತೆ ಶುರುವಾಗುವ ಹೊತ್ತಿಗೆ ಒಂದೇ ಪ್ರಶ್ನೆ ನನಗೆ ಇಳಕಲ್ಲಿನಿಂದ, ಬನಹಟ್ಟಿಯಿಂದ, ಅಥಣಿಯಿಂದ, ಸಿಂದಗಿಯಿಂದ ಬರುತ್ತದೆ. “ತೊಡೆಯ ಮೇಲೂ ಮೊಣಕಾಲಿನ ಹಿಂದೆಯೂ ಕೆಂಪು, ನೇರಳೆ ಬಣ್ಣದ ಸಣ್ಣ ಎಳೆಗಳು ಕಾಣುತ್ತಿವೆ. ಇಂಜೆಕ್ಷನ್ ಒಳ್ಳೆಯದೋ, ಲೇಸರ್ ಒಳ್ಳೆಯದೋ?” ವಿಜಯಪುರದಲ್ಲಿ ಶಸ್ತ್ರಚಿಕಿತ್ಸಾ ವಾರ್ಡಿನ ಶುಶ್ರೂಷಕಿಯಾಗಿ ದುಡಿದ ವರ್ಷಗಳಲ್ಲಿ ಇಂಥ ಕಾಲುಗಳನ್ನು ಬಹಳ ನೋಡಿದ್ದೇನೆ. ನನ್ನ ಕಾಲಿಗೂ ಈ ಚಿಕಿತ್ಸೆ ಆಗಿದೆ. ಕೇಳಿದವರಿಗೆಲ್ಲ ಮೊದಲು ನಾನು ತಿರುಗಿ ಕೇಳುವುದು ಇಷ್ಟೇ: ಆ ಎಳೆಗಳಿಗೆ ರಕ್ತ ಎಲ್ಲಿಂದ ತುಂಬುತ್ತಿದೆ ಎಂದು ಯಾರಾದರೂ ಪರೀಕ್ಷಿಸಿದ್ದಾರೆಯೇ? ಹೆಚ್ಚಿನವರ ಉತ್ತರ “ಇಲ್ಲ”. ಆದ್ದರಿಂದ ಎಲ್ಲವನ್ನೂ ಕ್ರಮವಾಗಿ ಇಲ್ಲಿ ಬರೆಯುತ್ತಿದ್ದೇನೆ. ಇದು ನಿಮ್ಮ ವೈದ್ಯರ ಸಲಹೆಗೆ ಬದಲಿಯಲ್ಲ. ಅವರ ಎದುರು ಕುಳಿತಾಗ ಏನು ಕೇಳಬೇಕೆಂಬುದಕ್ಕೆ ಸಿದ್ಧತೆ.

ಮೊದಲು “ನರ” ಎಂಬ ಮಾತು

ಚರ್ಮದ ಕೆಳಗೆ ನೀಲಿಯಾಗಿ, ಹಸಿರಾಗಿ ಕಾಣುವುದನ್ನೆಲ್ಲ ನಾವು ನರ ಎನ್ನುತ್ತೇವೆ. ಮಾತಿಗೆ ಅದು ಸರಿ, ಚಿಕಿತ್ಸೆಗೆ ಸರಿಯಲ್ಲ. ನಿಮ್ಮ ಕಾಲಿನ ಮೇಲಿರುವ ಎಳೆಗಳು ನೋವು, ಸ್ಪರ್ಶಗಳ ಸುದ್ದಿಯನ್ನು ಮಿದುಳಿಗೆ ಒಯ್ಯುವ ನರಗಳಲ್ಲ. ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ಸಣ್ಣ ನಾಳಗಳು. ಶಾಲೆಯ ಪಠ್ಯದಲ್ಲಿ ಇಂಥ ನಾಳಕ್ಕೆ ಅಭಿಧಮನಿ ಎಂದು ಹೆಸರು. ಔಷಧ ಅಂಗಡಿಗೆ ಹೋಗಿ “ನರದ ತೊಂದರೆ” ಎಂದರೆ ನರಗಳ ಶಕ್ತಿಗೆಂದು ಬಿ12 ಮಾತ್ರೆ ಕೈಗೆ ಬರುತ್ತದೆ. ಅದನ್ನು ವರ್ಷಗಟ್ಟಲೆ ನುಂಗಿದವರನ್ನು ನಾನು ಬಲ್ಲೆ. ಅವರ ಕಾಲಿನ ಒಂದು ಎಳೆಯೂ ಮಾಸಲಿಲ್ಲ, ಮಾಸುವುದೂ ಇಲ್ಲ. ಈ ಲೇಖನದಲ್ಲಿ ರೂಢಿಯಂತೆ ನಾನೂ “ನರ” ಎಂದೇ ಬರೆಯುತ್ತೇನೆ, ಆದರೆ ಹೇಳುತ್ತಿರುವುದು ರಕ್ತನಾಳದ ವಿಷಯ.

ಕಾಲಿನ ರಕ್ತ ಮೇಲಕ್ಕೆ ಏರಬೇಕು. ನಡೆಯುವಾಗ ಮೀನಖಂಡದ ಸ್ನಾಯು ನಾಳಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ತಳ್ಳಿದ್ದು ಮತ್ತೆ ಕೆಳಗೆ ಜಾರದಂತೆ ನಾಳಗಳ ಒಳಗೆ ಅಲ್ಲಲ್ಲಿ ಕವಾಟಗಳಿವೆ. ಬಾವಿಯ ಪಂಪಿನ ಪೈಪಿಗೆ ಫುಟ್‌ವಾಲ್ವ್ ಹಾಕುತ್ತೇವಲ್ಲ, ಅದೇ ಕೆಲಸ. ಕವಾಟ ಸಡಿಲವಾದರೆ ರಕ್ತ ಕೆಳಗೆ ಸೋರಿ ನಿಲ್ಲುತ್ತದೆ, ಒತ್ತಡ ಹೆಚ್ಚುತ್ತದೆ, ಚರ್ಮದ ಸಣ್ಣ ನಾಳಗಳು ಹಿಗ್ಗಿ ಕಣ್ಣಿಗೆ ಬೀಳುತ್ತವೆ. ಈ ಸಣ್ಣ ಎಳೆಗಳಿಗೇ ಜೇಡ ನರ ಎಂದು ಹೆಸರು. ಹಾಗೆಂದು ಎಲ್ಲ ಜೇಡ ನರಗಳ ಹಿಂದೆಯೂ ಕವಾಟದ ದೋಷ ಇರುವುದಿಲ್ಲ. ವಂಶದಿಂದ ಬಂದ ಗುಣ, ಗರ್ಭಧಾರಣೆ, ಹಾರ್ಮೋನು ಮಾತ್ರೆ, ವಯಸ್ಸು, ಮೈತೂಕ, ಹಳೆಯ ಪೆಟ್ಟು ಇವೂ ಕಾರಣಗಳೇ. ದಿನವಿಡೀ ನಿಂತು ಮಾಡುವ ಕೆಲಸ ಇದ್ದದ್ದನ್ನು ಹೆಚ್ಚಿಸುತ್ತದೆ. ರಬಕವಿ–ಬನಹಟ್ಟಿಯ ವಿದ್ಯುತ್ ಮಗ್ಗಗಳ ನಡುವೆ ನಿಲ್ಲುವವರು, ಬೆಳಗಾವಿ ಉದ್ಯಮಬಾಗಿನ ಫೌಂಡ್ರಿಗಳಲ್ಲಿ ದುಡಿಯುವವರು, ಶಿಕ್ಷಕರು, ಬಸ್ ನಿರ್ವಾಹಕರು ನನಗೆ ಹೆಚ್ಚಾಗಿ ಬರೆಯುವುದು ಆಶ್ಚರ್ಯವಲ್ಲ.

ಹಂತ 1: ನಿಮಗೆ ಬಂದಿರುವುದು ಯಾವುದು ಎಂದು ಗುರುತಿಸಿ

ಸಂಜೆ ಹೊತ್ತು, ಒಳ್ಳೆಯ ಬೆಳಕಿನಲ್ಲಿ ಹತ್ತು ನಿಮಿಷ ನಿಂತ ಮೇಲೆ ಕಾಲುಗಳನ್ನು ನೋಡಿ. ಹಿಂಭಾಗ ನಿಮಗೆ ಕಾಣುವುದಿಲ್ಲ, ಮನೆಯವರಿಂದ ಫೋಟೊ ತೆಗೆಸಿ. ಒಂದು ಅಳತೆಪಟ್ಟಿಯನ್ನು ಪಕ್ಕದಲ್ಲಿ ಹಿಡಿದರೆ ಇನ್ನೂ ಒಳ್ಳೆಯದು, ಏಕೆಂದರೆ ಇಲ್ಲಿ ಗಾತ್ರವೇ ಹೆಸರನ್ನು ನಿರ್ಧರಿಸುತ್ತದೆ.

1 ಮಿಲಿಮೀಟರಿಗಿಂತ ತೆಳ್ಳಗೆ, ಕೆಂಪಾಗಿ ಅಥವಾ ನೇರಳೆಯಾಗಿ, ಕೈಗೆ ಉಬ್ಬು ತಾಗದಂತೆ ಇದ್ದರೆ ಅದು ಜೇಡ ನರ. 1ರಿಂದ 3 ಮಿಲಿಮೀಟರ್ ಅಗಲದ, ನೀಲಿ–ಹಸಿರು ಬಣ್ಣದ, ಬಲೆಯಂತೆ ಹರಡಿದ್ದು ಜಾಲ ನರ. ಇವು ಹಲವು ಸಲ ಜೇಡ ನರಗಳಿಗೆ ರಕ್ತ ಉಣಿಸುವ ಕಾಲುವೆಗಳಾಗಿರುತ್ತವೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. 3 ಮಿಲಿಮೀಟರ್ ಮತ್ತು ಅದಕ್ಕಿಂತ ದಪ್ಪಗೆ, ನಿಂತಾಗ ಹಗ್ಗದಂತೆ ಉಬ್ಬಿ ತಿರುಚಿಕೊಂಡಿದ್ದರೆ ಅದು ವೆರಿಕೋಸ್ ನರ. ವೈದ್ಯರ ಚೀಟಿಯಲ್ಲಿ ಸಿ1 ಎಂದಿದ್ದರೆ ಜೇಡ ನರ ಅಥವಾ ಜಾಲ ನರ, ಸಿ2 ಎಂದರೆ ವೆರಿಕೋಸ್, ಸಿ3 ಎಂದರೆ ಬಾವು, ಸಿ4 ಎಂದರೆ ಚರ್ಮ ಕಪ್ಪಾಗುವ ಅಥವಾ ಗಟ್ಟಿಯಾಗುವ ಹಂತ, ಸಿ5 ಮತ್ತು ಸಿ6 ಎಂದರೆ ಮಾಗಿದ ಹುಣ್ಣು ಮತ್ತು ಹಸಿ ಹುಣ್ಣು.

ಮೂರು ಸಂದರ್ಭಗಳಲ್ಲಿ ಅಂದದ ಪ್ರಶ್ನೆಯನ್ನು ಬದಿಗಿಟ್ಟು ಬೇಗ ವೈದ್ಯರನ್ನು ಕಾಣಬೇಕು.

ಒಂದು, ಕಾಲಿನ ಗಿಣ್ಣಿನ ಒಳಭಾಗದಲ್ಲಿ ಎಳೆಗಳು ಬೀಸಣಿಗೆ ಬಿಚ್ಚಿದಂತೆ ಹರಡಿದ್ದರೆ. ನೋಡಲು ಸಾಧಾರಣ ಜೇಡ ನರವೇ ಅನ್ನಿಸುತ್ತದೆ, ಆದರೆ ಇದು ದೊಡ್ಡ ನಾಳಗಳ ಕವಾಟ ಸೋರುತ್ತಿರುವುದರ ಗುರುತು. ವೈದ್ಯರು ಇದನ್ನು ಸಿ4ರ ಗುಂಪಿಗೇ ಸೇರಿಸುತ್ತಾರೆ. ಸಂಜೆಗೆ ಬಾವು, ಗಿಣ್ಣಿನ ಸುತ್ತ ಚರ್ಮ ಕಪ್ಪಾಗುವುದು, ತುರಿಕೆ, ಮಾಯದ ಗಾಯ ಇದ್ದರೂ ಕಾರಣ ಇದೇ ಇರಬಹುದು.

ಎರಡು, ಎದೆ, ಕುತ್ತಿಗೆ, ಭುಜ, ಮುಖದ ಮೇಲೆ ನಡುವೆ ಕೆಂಪು ಚುಕ್ಕೆ, ಸುತ್ತ ಜೇಡನ ಕಾಲುಗಳಂತೆ ಗೆರೆಗಳು ಇದ್ದರೆ. ನಡುವಿನ ಚುಕ್ಕೆಯನ್ನು ಒತ್ತಿದರೆ ಗೆರೆಗಳೆಲ್ಲ ಬಿಳಿಚಿಕೊಳ್ಳುತ್ತವೆ, ಬಿಟ್ಟೊಡನೆ ನಡುವಿನಿಂದ ಹೊರಕ್ಕೆ ತುಂಬುತ್ತವೆ. ಮಕ್ಕಳಲ್ಲಿ, ಗರ್ಭಿಣಿಯರಲ್ಲಿ ಒಂದೆರಡು ಇದ್ದರೆ ಗಾಬರಿ ಬೇಡ. ಆದರೆ ಮದ್ಯಪಾನದ ಅಭ್ಯಾಸ ಇರುವವರಲ್ಲಿ ಅಥವಾ ಹಿಂದೆ ಕಾಮಾಲೆ ಆದವರಲ್ಲಿ ಇಂಥವು ಹಲವು ಕಾಣಿಸಿಕೊಂಡರೆ ಅವರಿಗೆ ಬೇಕಾದದ್ದು ಲೇಸರ್ ಅಲ್ಲ, ಯಕೃತ್ತಿನ ಪರೀಕ್ಷೆ.

ಮೂರು, ಒಂದೇ ಕಾಲು ದಿಢೀರನೆ ಊದಿಕೊಂಡು ಮೀನಖಂಡ ನೋಯುತ್ತಿದ್ದರೆ. ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅಂದೇ ಆಸ್ಪತ್ರೆಗೆ ಹೋಗಿ. ಕಾಲು ಉಜ್ಜಬೇಡಿ, ಎಣ್ಣೆ ಹಾಕಿ ತಿಕ್ಕಿಸಬೇಡಿ. ಜೊತೆಗೆ ಎದೆನೋವು, ಉಬ್ಬಸ ಇದ್ದರೆ 108ಕ್ಕೆ ಕರೆ ಮಾಡಿ.

ಹಂತ 2: ನಿಲ್ಲಿಸಿ ಮಾಡುವ ಡಾಪ್ಲರ್ ಸ್ಕ್ಯಾನ್

ನನ್ನ ಪ್ರಕಾರ ಇದೇ ಇಡೀ ಚಿಕಿತ್ಸೆಯ ಹೊಸ್ತಿಲು. ಡಾಪ್ಲರ್ ಎಂದರೆ ಹೊಟ್ಟೆಯ ಸ್ಕ್ಯಾನಿಂಗಿನಂಥದ್ದೇ, ನೋವಿಲ್ಲದ ಪರೀಕ್ಷೆ. ನಾಳದ ಆಕಾರದ ಜೊತೆಗೆ ಒಳಗೆ ರಕ್ತ ಯಾವ ದಿಕ್ಕಿಗೆ ಹರಿಯುತ್ತಿದೆ ಎಂಬುದನ್ನೂ ತೋರಿಸುತ್ತದೆ. ಪರೀಕ್ಷಿಸುವವರು ಮೀನಖಂಡವನ್ನು ಹಿಂಡಿ ಬಿಡುತ್ತಾರೆ. ಚರ್ಮಕ್ಕೆ ಹತ್ತಿರದ ನಾಳಗಳಲ್ಲಿ ರಕ್ತ ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಂದಕ್ಕೆ ಹರಿದರೆ ಕವಾಟ ಸೋರುತ್ತಿದೆ ಎಂದು ಲೆಕ್ಕ. ವರದಿಯಲ್ಲಿ “ರಿಫ್ಲಕ್ಸ್” ಎಂಬ ಪದ ಕಂಡರೆ ಇದೇ ಹಿಮ್ಮುಖ ಹರಿವು.

ಇಲ್ಲಿ ಆಗುವ ತಪ್ಪು ಒಂದಿದೆ. ರೋಗಿಯನ್ನು ಮಲಗಿಸಿಯೇ ಪರೀಕ್ಷೆ ಮುಗಿಸಿಬಿಟ್ಟರೆ ಸೋರಿಕೆ ಕಣ್ತಪ್ಪಬಹುದು, ಏಕೆಂದರೆ ಮಲಗಿದಾಗ ಕಾಲಿನ ನಾಳಗಳ ಮೇಲೆ ಭಾರವೇ ಇರುವುದಿಲ್ಲ. “ನಿಲ್ಲಿಸಿ ಕವಾಟದ ಪರೀಕ್ಷೆ ಮಾಡುತ್ತೀರಾ?” ಎಂದು ಮೊದಲೇ ಕೇಳಿ. ಬರೀ ಹೆಪ್ಪು ಇದೆಯೋ ಇಲ್ಲವೋ ನೋಡುವ ಸ್ಕ್ಯಾನ್ ಬೇರೆ, ಕವಾಟ ನೋಡುವ ಸ್ಕ್ಯಾನ್ ಬೇರೆ. ವೈದ್ಯರ ಚೀಟಿಯಲ್ಲಿ ಏನು ಬರೆದಿದೆ ಎಂದು ಓದಿಸಿಕೊಳ್ಳಿ.

ತೊಡೆಯ ಹೊರಬದಿಯಲ್ಲಿ ಬೆರಳೆಣಿಕೆಯ ಎಳೆಗಳು ಮಾತ್ರ ಇದ್ದು, ನೋವು, ಬಾವು ಯಾವುದೂ ಇಲ್ಲದಿದ್ದರೆ ಅನುಭವವುಳ್ಳ ವೈದ್ಯರು ಸ್ಕ್ಯಾನ್ ಬೇಡ ಎನ್ನಬಹುದು, ಅದು ತಪ್ಪಲ್ಲ. ಆದರೆ ಕಾಲು ಭಾರವಾಗುವುದು, ರಾತ್ರಿ ಮೀನಖಂಡ ಹಿಡಿಯುವುದು, ಉಬ್ಬಿದ ನರ, ಗಿಣ್ಣಿನ ಬೀಸಣಿಗೆ ಇವುಗಳಲ್ಲಿ ಒಂದಾದರೂ ಇದ್ದರೆ ಸ್ಕ್ಯಾನ್ ಇಲ್ಲದೆ ಮುಂದೆ ಹೋಗಬೇಡಿ. ಫುಟ್‌ವಾಲ್ವ್ ಸೋರುತ್ತಿರುವಾಗ ಮೇಲಿನ ಎಳೆಗಳನ್ನು ಅಳಿಸಿದರೆ ಕೆಲವೇ ತಿಂಗಳಲ್ಲಿ ಪಕ್ಕದಲ್ಲೇ ಹೊಸವು ಮೂಡುತ್ತವೆ. ಆಗ “ಇಂಜೆಕ್ಷನ್ ಕೆಲಸ ಮಾಡಲಿಲ್ಲ” ಎಂದು ಬೇಸರಪಡುವವರೇ ಹೆಚ್ಚು. ಕೆಲಸ ಮಾಡದೆ ಹೋದದ್ದು ಇಂಜೆಕ್ಷನ್ ಅಲ್ಲ, ಕ್ರಮ. ದೊಡ್ಡ ನಾಳ ಸೋರುತ್ತಿದ್ದರೆ ಮೊದಲು ಅದನ್ನು ಒಳಗಿನಿಂದ ಲೇಸರ್ ಅಥವಾ ರೇಡಿಯೊ ತರಂಗದ ಶಾಖದಿಂದ ಮುಚ್ಚುತ್ತಾರೆ, ಆಮೇಲೆ ಜಾಲ ನರ, ಕೊನೆಗೆ ಜೇಡ ನರ.

ಯಾರ ಬಳಿ ಹೋಗಬೇಕು? ರಕ್ತನಾಳದ ಶಸ್ತ್ರತಜ್ಞರು, ಇದರಲ್ಲಿ ಅನುಭವವಿರುವ ಸಾಮಾನ್ಯ ಶಸ್ತ್ರತಜ್ಞರು, ಚರ್ಮರೋಗ ತಜ್ಞರು ಈ ಮೂವರೂ ಈ ಚಿಕಿತ್ಸೆ ಮಾಡುತ್ತಾರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ಅಲ್ಲಿ ಚರ್ಮ, ಶಸ್ತ್ರಚಿಕಿತ್ಸೆ, ಸ್ಕ್ಯಾನಿಂಗ್ ವಿಭಾಗಗಳು ಒಂದೇ ಆವರಣದಲ್ಲಿರುವುದರಿಂದ ಓಡಾಟ ಕಡಿಮೆ. ಮೊದಲ ಸಲಹೆಗೆ ನಾನು ಅಲ್ಲಿಗೇ ಹೋಗಲು ಹೇಳುತ್ತೇನೆ. ಸೊಲ್ಲಾಪುರ, ಮೀರಜ್, ಕೊಲ್ಲಾಪುರಕ್ಕೆ ಹೋಗುವವರೂ ಉಂಟು. ಹೋಗಬೇಡಿ ಎನ್ನುವುದಿಲ್ಲ, ಆದರೆ ಇದು ಒಂದೇ ದಿನದಲ್ಲಿ ಮುಗಿಯುವ ಚಿಕಿತ್ಸೆಯಲ್ಲ. ಮತ್ತೆ ಮತ್ತೆ ಅಷ್ಟು ದೂರ ಹೋಗಿಬರಲು ಆಗುತ್ತದೆಯೇ ಎಂದು ಮೊದಲೇ ಯೋಚಿಸಿ. ಬ್ಯೂಟಿ ಪಾರ್ಲರಿನಲ್ಲಿ “ನರಕ್ಕೂ ಲೇಸರ್ ಮಾಡುತ್ತೇವೆ” ಎಂದರೆ ಎದ್ದು ಬನ್ನಿ.

ಹೋಗುವಾಗ ನೀವು ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಗಳ ಪಟ್ಟಿ ಒಯ್ಯಿರಿ. ಗರ್ಭನಿರೋಧಕ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ, ಮೊಡವೆಗೆ ಕೊಡುವ ಮಿನೊಸೈಕ್ಲಿನ್ ಇವುಗಳನ್ನು ಮರೆಯದೆ ಹೇಳಿ. ಕೊನೆಯದು ಚರ್ಮದ ಮೇಲೆ ಕಲೆ ಉಳಿಯುವ ಸಂಭವವನ್ನು ಹೆಚ್ಚಿಸಬಲ್ಲದು. ಹಿಂದೆ ರಕ್ತ ಹೆಪ್ಪುಗಟ್ಟಿದ್ದರೆ, ಅಲರ್ಜಿ, ಉಬ್ಬಸ, ಕಣ್ಣ ಮುಂದೆ ಮಿಂಚು ಹೊಡೆದಂತಾಗುವ ಅರೆತಲೆನೋವು ಇದ್ದರೆ, ಗರ್ಭಿಣಿಯಾಗಿದ್ದರೆ, ಮಗುವಿಗೆ ಹಾಲೂಡಿಸುತ್ತಿದ್ದರೆ ಅವರು ಕೇಳದಿದ್ದರೂ ನೀವೇ ಹೇಳಿ.

ಹಂತ 3: ಚಿಕಿತ್ಸೆ ಬೇಕೇ ಬೇಕೇ?

ಸ್ಕ್ಯಾನ್ ಸರಿಯಾಗಿದ್ದು ಎಳೆಗಳು ಮಾತ್ರ ಇದ್ದರೆ ಅವು ಜೀವಕ್ಕಾಗಲಿ ಕಾಲಿಗಾಗಲಿ ಅಪಾಯವಲ್ಲ. ಏನೂ ಮಾಡದೆ ಬಿಡುವುದೂ ಒಂದು ಸರಿಯಾದ ಆಯ್ಕೆ. “ಸೀರೆಯೊಳಗೆ ಯಾರು ನೋಡುತ್ತಾರೆ” ಎಂದು ಬೇರೆಯವರು ಹೇಳಿದ್ದಕ್ಕೆ ಬಿಡಬೇಡಿ, “ಮದುವೆಗೆ ಮುಂಚೆ ತೆಗೆಸಿಬಿಡು” ಎಂದಿದ್ದಕ್ಕೆ ಮಾಡಿಸಲೂಬೇಡಿ. ಕಾಲು ನಿಮ್ಮದು, ನಿರ್ಧಾರವೂ ನಿಮ್ಮದೇ ಇರಲಿ. ಬಸುರಿನಲ್ಲಿ ಬಂದ ಎಳೆಗಳಿಗಂತೂ ಹೆರಿಗೆಯಾದ ಮೇಲೆ ಕೆಲವು ತಿಂಗಳು ಕಾಯಬೇಕು. ಎಷ್ಟೋ ಎಳೆಗಳು ತಾವಾಗಿಯೇ ಮಾಸುತ್ತವೆ.

ಕಾಲಿನ ಭಾರಕ್ಕೆ ಮದ್ದು ನಡಿಗೆ. ಒಂದೇ ಕಡೆ ನಿಲ್ಲಬೇಕಾದ ಕೆಲಸವಿದ್ದರೆ ಅರ್ಧ ಗಂಟೆಗೊಮ್ಮೆ ಇಪ್ಪತ್ತು ಸಲ ಹಿಮ್ಮಡಿ ಎತ್ತಿ ಇಳಿಸಿ. ಇಳಕಲ್ಲು, ಗುಳೇದಗುಡ್ಡದ ಕುಣಿಮಗ್ಗದವರು ಕಾಲನ್ನು ಕುಣಿಯೊಳಗೆ ಇಳಿಬಿಟ್ಟು ಗಂಟೆಗಟ್ಟಲೆ ಕೂರುತ್ತಾರೆ. ಮೆಟ್ಟುಹಲಗೆ ತುಳಿಯುವುದರಿಂದ ಸ್ನಾಯುವಿಗೆ ಸ್ವಲ್ಪ ಕೆಲಸ ಸಿಗುತ್ತದೆ, ಆದರೂ ನಡುನಡುವೆ ಎದ್ದು ಹತ್ತು ಹೆಜ್ಜೆ ಹಾಕಬೇಕು. ರಾತ್ರಿ ಕಾಲನ್ನು ದಿಂಬಿನ ಮೇಲಿಟ್ಟು ಸ್ವಲ್ಪ ಹೊತ್ತು ಮಲಗಿದರೆ ಹಾಯೆನಿಸುತ್ತದೆ. ಇವು ಯಾವುವೂ ಇರುವ ಎಳೆಗಳನ್ನು ಅಳಿಸುವುದಿಲ್ಲ. ಡಯೊಸ್ಮಿನ್ ಎಂಬ ಮಾತ್ರೆ ಕೆಲವರಿಗೆ ಭಾರ, ಬಾವು ಕಡಿಮೆ ಮಾಡಬಹುದು; ಅದೂ ಅಳಿಸುವುದಿಲ್ಲ. ಹಚ್ಚುವ ಯಾವ ಮುಲಾಮೂ ಅಳಿಸುವುದಿಲ್ಲ. ಜಿಗಣೆ ಕಚ್ಚಿಸುವುದು, ಬಿಸಿ ಶಾಖ ಕೊಡುವುದು, ಹಳೆಯ ಸೀರೆಯ ಅಂಚು ಹರಿದು ಬಿಗಿಯಾಗಿ ಸುತ್ತುವುದು ಬೇಡ. ಶಾಖಕ್ಕೆ ನಾಳ ಇನ್ನೂ ಹಿಗ್ಗುತ್ತದೆ, ಅಡ್ಡಾದಿಡ್ಡಿ ಕಟ್ಟಿದ ಬಟ್ಟೆ ರಕ್ತವನ್ನು ಕೆಳಗೇ ತಡೆಯುತ್ತದೆ.

ಹಂತ 4: ಇಂಜೆಕ್ಷನ್ನೋ, ಲೇಸರೋ?

ಕಾಲಿನ ಜೇಡ ನರಕ್ಕೆ ಮೊದಲ ಆಯ್ಕೆ ಇಂಜೆಕ್ಷನ್. ಇದರ ಹೆಸರು ಸ್ಕ್ಲಿರೋಥೆರಪಿ. ಕೂದಲಿನಷ್ಟು ಸಣ್ಣ ಸೂಜಿಯಿಂದ ಎಳೆಯೊಳಗೆ ಒಂದು ದ್ರಾವಣವನ್ನು ಬಿಡುತ್ತಾರೆ. ಅದು ನಾಳದ ಒಳಗೋಡೆಯನ್ನು ಕೆರಳಿಸುತ್ತದೆ, ಗೋಡೆಗಳು ಒಂದಕ್ಕೊಂದು ಅಂಟುತ್ತವೆ, ಮುಚ್ಚಿದ ನಾಳವನ್ನು ದೇಹ ವಾರಗಟ್ಟಲೆ ಸಮಯ ತೆಗೆದುಕೊಂಡು ಕರಗಿಸುತ್ತದೆ. “ಹಾಗಾದರೆ ಆ ರಕ್ತ ಎಲ್ಲಿಗೆ ಹೋಗುತ್ತದೆ?” ಎಂದು ಕೇಳದವರಿಲ್ಲ. ಪಕ್ಕದ ಆರೋಗ್ಯವಂತ ನಾಳಗಳಿಂದ ಹೋಗುತ್ತದೆ. ಕಾಲಿನ ರಕ್ತದ ಬಹುಪಾಲು ಹೇಗೂ ಆಳದ ದೊಡ್ಡ ನಾಳಗಳಲ್ಲೇ ಹರಿಯುವುದು.

ದ್ರಾವಣಗಳಲ್ಲಿ ಮುಖ್ಯವಾದವು ಪೊಲಿಡೊಕನಾಲ್ ಮತ್ತು ಸೋಡಿಯಂ ಟೆಟ್ರಾಡೆಸಿಲ್ ಸಲ್ಫೇಟ್. ಎರಡನೆಯದನ್ನು ಎಸ್‌ಟಿಎಸ್ ಎನ್ನುತ್ತಾರೆ. ಇಲ್ಲಿ ಸಾಂದ್ರತೆ ಬಹಳ ಮುಖ್ಯ. ಜೇಡ ನರಕ್ಕೆ ಪೊಲಿಡೊಕನಾಲ್ ಸಾಮಾನ್ಯವಾಗಿ ಶೇ. 0.25ರಿಂದ 0.5, ಎಸ್‌ಟಿಎಸ್ ಆದರೆ ಶೇ. 0.1ರಿಂದ 0.25. ದೊಡ್ಡ ವೆರಿಕೋಸ್ ನರಕ್ಕೆ ಬಳಸುವ ಶೇ. 3ರ ಎಸ್‌ಟಿಎಸ್ ದ್ರಾವಣವನ್ನು ತೆಳುವಾಗಿಸದೆ ಸಣ್ಣ ಎಳೆಗೆ ಬಿಟ್ಟರೆ ಚರ್ಮ ಸುಟ್ಟು ಹುಣ್ಣಾಗಬಹುದು. ದೊಡ್ಡ ನಾಳಗಳಿಗೆ ದ್ರಾವಣವನ್ನು ನೊರೆಯಾಗಿಸಿ ಬಿಡುತ್ತಾರೆ. ಜೇಡ ನರಕ್ಕೆ ಸಾಮಾನ್ಯವಾಗಿ ದ್ರವವೇ ಸಾಕು. ಬರೀ ಎಳೆಗೆ ಚುಚ್ಚಿ ಅದನ್ನು ಉಣಿಸುವ ಜಾಲ ನರವನ್ನು ಹಾಗೇ ಬಿಟ್ಟರೆ ಫಲ ನಿಲ್ಲುವುದಿಲ್ಲ. ಹೆಚ್ಚಿನವರಿಗೆ ಒಂದಕ್ಕಿಂತ ಹೆಚ್ಚು ಸಲ ಬೇಕಾಗುತ್ತದೆ. ಎರಡು ಸಲಗಳ ನಡುವೆ ನಾಲ್ಕರಿಂದ ಆರು ವಾರ ಅಂತರ ಇರಬೇಕು.

ಈಗ ನಮ್ಮ ಚರ್ಮದ ಮಾತು. ಇದನ್ನು ಪರದೇಶದ ಜಾಹೀರಾತಿನ ಫೋಟೊಗಳು ನಿಮಗೆ ಹೇಳುವುದಿಲ್ಲ. ಚರ್ಮದ ಬಣ್ಣವನ್ನು ವೈದ್ಯರು ಆರು ದರ್ಜೆಗಳಲ್ಲಿ ಅಳೆಯುತ್ತಾರೆ. ನಮ್ಮಲ್ಲಿ ಹೆಚ್ಚಿನವರು ನಾಲ್ಕನೆಯ ಅಥವಾ ಐದನೆಯ ದರ್ಜೆಯವರು. ಲೇಸರ್ ಬೆಳಕು ನಾಳದ ಒಳಗಿನ ರಕ್ತವನ್ನು ಬಿಸಿ ಮಾಡಬೇಕು, ಆದರೆ ದಾರಿಯಲ್ಲಿ ಚರ್ಮದ ಬಣ್ಣವೂ ಅದೇ ಬೆಳಕನ್ನು ಹೀರಿಕೊಳ್ಳುತ್ತದೆ. 532 ನ್ಯಾನೊಮೀಟರಿನ ಹಸಿರು ಲೇಸರ್ ಮತ್ತು ಐಪಿಎಲ್ ಎಂಬ ಮಿಂಚುಬೆಳಕಿನ ಯಂತ್ರಗಳಿಂದ ಈ ಕಾರಣಕ್ಕೇ ಕಂದು ಚರ್ಮವನ್ನು ಸುಡುವ, ಕಲೆ ಉಳಿಸುವ ಅಪಾಯ ಹೆಚ್ಚು. 1064 ನ್ಯಾನೊಮೀಟರಿನ ಎನ್‌ಡಿ–ಯಾಗ್ ಲೇಸರನ್ನು ಚರ್ಮದ ಬಣ್ಣ ಕಡಿಮೆ ಹೀರುತ್ತದೆ, ಅದು ಆಳಕ್ಕೂ ಇಳಿಯುತ್ತದೆ; ನಮ್ಮ ಕಾಲಿಗೆ ಲೇಸರ್ ಎಂದರೆ ಅದನ್ನೇ ಕೇಳಬೇಕು. ಅದಕ್ಕೂ ಚರ್ಮ ತಂಪು ಮಾಡುವ ವ್ಯವಸ್ಥೆ ಬೇಕು, ನೋವು ಇಂಜೆಕ್ಷನ್ನಿಗಿಂತ ಹೆಚ್ಚು. ಸೂಜಿಯೇ ಹೋಗದಷ್ಟು ತೆಳ್ಳಗಿನ ಎಳೆಗಳಿಗೆ, ದ್ರಾವಣದ ಅಲರ್ಜಿ ಇರುವವರಿಗೆ, ಸೂಜಿಯ ಭಯ ತೀರಾ ಇರುವವರಿಗೆ ಲೇಸರ್ ಸರಿ. ಉಳಿದವರಿಗೆ “ಲೇಸರ್ ಹೊಸದು, ಆದ್ದರಿಂದ ಉತ್ತಮ” ಎಂಬ ಮಾತನ್ನು ನಂಬಬೇಡಿ. ಸೂಜಿಯ ತುದಿಯಿಂದ ಶಾಖ ಕೊಡುವ ಯಂತ್ರಗಳೂ ಇವೆ. ಚೂರುಪಾರು ಉಳಿದ ಎಳೆಗಳಿಗೆ ಅವು ಆಗುತ್ತವೆ.

ಗರ್ಭಿಣಿಯರಿಗೆ, ಈಗ ತಾನೇ ಆಳದ ನಾಳದಲ್ಲಿ ಹೆಪ್ಪು ಇರುವವರಿಗೆ, ಹಾಸಿಗೆ ಹಿಡಿದವರಿಗೆ, ಕಾಲಿನ ಅಪಧಮನಿ (ಹೃದಯದಿಂದ ರಕ್ತ ತರುವ ನಾಳ) ತೀರಾ ಕಟ್ಟಿಕೊಂಡವರಿಗೆ, ಚುಚ್ಚುವ ಜಾಗದಲ್ಲಿ ಸೋಂಕು ಇರುವವರಿಗೆ ಇಂಜೆಕ್ಷನ್ ಮಾಡುವುದಿಲ್ಲ. ಹಾಲೂಡಿಸುವ ತಾಯಂದಿರು ಮುಂದಕ್ಕೆ ಹಾಕುವುದೇ ಲೇಸು.

ಹಂತ 5: ಹಣ ಕಟ್ಟುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಚಿಕಿತ್ಸೆ ಮಾಡುವವರು ಯಾರು, ವೈದ್ಯರೇ ಅಥವಾ ಸಹಾಯಕರೇ? ಯಾವ ದ್ರಾವಣ, ಎಷ್ಟು ಸಾಂದ್ರತೆ? ಹೇಳಿದ ದರ ಒಂದು ಸಲಕ್ಕೋ, ಒಂದು ಕಾಲಿಗೋ, ಎಲ್ಲ ಸೇರಿಯೋ? ಸ್ಕ್ಯಾನ್ ಮತ್ತು ಸ್ಟಾಕಿಂಗ್ಸ್ (ಚಿಕಿತ್ಸೆಯ ನಂತರ ತೊಡುವ ಬಿಗಿ ಕಾಲುಚೀಲ) ಅದರಲ್ಲಿ ಸೇರಿವೆಯೇ? ದಿಢೀರ್ ಅಲರ್ಜಿ ಆದರೆ ಕೊಡಲು ಅಡ್ರಿನಲಿನ್ ಮತ್ತು ಆಮ್ಲಜನಕ ಇದೇ ಕೋಣೆಯಲ್ಲಿ ಇದೆಯೇ? ಈ ಕೊನೆಯ ಪ್ರಶ್ನೆಗೆ ಮುಖ ಸಿಂಡರಿಸುವ ಕಡೆ ಮಾಡಿಸಿಕೊಳ್ಳಬೇಡಿ. ಖಾಸಗಿ ಕ್ಲಿನಿಕ್ಕುಗಳು ನೋಂದಣಿ ಪ್ರಮಾಣಪತ್ರವನ್ನೂ ದರಪಟ್ಟಿಯನ್ನೂ ಕಾಣುವಂತೆ ಹಾಕಬೇಕು ಎಂಬುದು ರಾಜ್ಯದ ಕಾಯ್ದೆ, ನೋಡಿ. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಓದಿ ಹೇಳಿಸಿಕೊಂಡ ಮೇಲೆಯೇ ಸಹಿ ಹಾಕಿ.

“ಆರು ಸಲದ ಪ್ಯಾಕೇಜ್, ಇಂದೇ ಕಟ್ಟಿದರೆ ರಿಯಾಯಿತಿ” ಎಂದರೆ ಒಪ್ಪಬೇಡಿ. ಮೊದಲ ಸಲ ಹೇಗೆ ಒಗ್ಗಿತು ಎಂದು ನೋಡದೆ ಆರು ಸಲ ಬೇಕೆಂದು ಯಾರೂ ಹೇಳಲಾರರು. ಅಂದಕ್ಕಾಗಿ ಮಾಡಿಸುವ ಚಿಕಿತ್ಸೆಗೆ ಆರೋಗ್ಯ ವಿಮೆಯಾಗಲಿ ಸರ್ಕಾರದ ಆಯುಷ್ಮಾನ್ ಯೋಜನೆಯಾಗಲಿ ಹಣ ಕೊಡುವುದಿಲ್ಲ. ಕವಾಟ ಸೋರುವ ವೆರಿಕೋಸ್ ಕಾಯಿಲೆಯ ಮಾತು ಬೇರೆ. ಡಾಪ್ಲರ್ ವರದಿ ಹಿಡಿದು ವಿಚಾರಿಸಿ.

ಹಂತ 6: ಸಮಯ ಆರಿಸಿಕೊಳ್ಳಿ

ವಿಜಯಪುರ, ಬಾಗಲಕೋಟೆಯ ಏಪ್ರಿಲ್, ಮೇ ಬಿಸಿಲಿನಲ್ಲಿ ಬಿಗಿ ಸ್ಟಾಕಿಂಗ್ಸ್ ತೊಟ್ಟುಕೊಂಡಿರುವುದು ಶಿಕ್ಷೆ. ತೊಡದಿದ್ದರೆ ಚಿಕಿತ್ಸೆ ಅರ್ಧ. ನವೆಂಬರಿನಿಂದ ಫೆಬ್ರುವರಿವರೆಗಿನ ತಂಪಿನ ದಿನಗಳು ಒಳ್ಳೆಯವು. ಮದುವೆಗೆಂದೇ ಮಾಡಿಸುವವರು ಕನಿಷ್ಠ ಐದಾರು ತಿಂಗಳು ಮುಂಚೆ ಶುರುಮಾಡಿ. ಚುಚ್ಚಿದ ಮೇಲೆ ಕಾಲು ಮೊದಲಿಗಿಂತ ಕೆಟ್ಟದಾಗಿ ಕಾಣುತ್ತದೆ, ಆಮೇಲೆ ತಿಳಿಯಾಗುತ್ತದೆ. ಮದುವೆಗೆ ಹದಿನೈದು ದಿನ ಇರುವಾಗ ಮಾಡಿಸಿಕೊಂಡು ಅತ್ತವರನ್ನು ನೋಡಿದ್ದೇನೆ.

ಸ್ಟಾಕಿಂಗ್ಸ್ ಅನ್ನು ಚಿಕಿತ್ಸೆಗೆ ಮೊದಲೇ ಕೊಂಡಿರಬೇಕು. ಬೆಳಿಗ್ಗೆ ಎದ್ದೊಡನೆ, ಬಾವು ಬರುವ ಮುನ್ನ, ಗಿಣ್ಣಿನ ಮೇಲಿನ ತೀರಾ ಸಣ್ಣ ಸುತ್ತಳತೆ ಮತ್ತು ಮೀನಖಂಡದ ದಪ್ಪ ಸುತ್ತಳತೆ ತೆಗೆದುಕೊಳ್ಳಿ. ಅಳತೆ ತೆಗೆಯದೆ “ಮೀಡಿಯಂ ಆಗುತ್ತದೆ” ಎಂದು ಕೊಡುವ ಅಂಗಡಿಯಲ್ಲಿ ಕೊಳ್ಳಬೇಡಿ. ಎಷ್ಟು ಒತ್ತಡದ್ದು ಎಂಬುದನ್ನು ವೈದ್ಯರೇ ಬರೆದುಕೊಡಲಿ. ಸಕ್ಕರೆ ಕಾಯಿಲೆಯವರು, ಬೀಡಿ–ಸಿಗರೇಟು ಸೇದುವವರು ಮೊದಲು ಪಾದದ ನಾಡಿಯನ್ನು ಪರೀಕ್ಷಿಸಿಕೊಳ್ಳಬೇಕು. ಅಪಧಮನಿ ಕಟ್ಟಿಕೊಂಡಿರುವ ಕಾಲಿಗೆ ಬಿಗಿ ಸ್ಟಾಕಿಂಗ್ಸ್ ಹಾಕಿದರೆ ಪಾದಕ್ಕೇ ಕುತ್ತು. ಮೇಲಿನ ಅಂಚನ್ನು ಮಡಚಿದರೆ ಅದು ಹಗ್ಗ ಬಿಗಿದಂತಾಗುತ್ತದೆ, ಮಡಚಬೇಡಿ.

ಹಂತ 7: ಚಿಕಿತ್ಸೆಯ ದಿನ

ಕಾಲಿಗೆ ಎಣ್ಣೆ, ಕ್ರೀಮ್ ಹಚ್ಚದೆ, ಸಡಿಲ ಬಟ್ಟೆ ತೊಟ್ಟು, ಸ್ವಲ್ಪ ತಿಂದು ಹೋಗಿ. ಚುಚ್ಚುವ ಮುನ್ನ ಫೋಟೊ ತೆಗೆಯಲೇಬೇಕು, ನಿಮ್ಮ ಮೊಬೈಲಿನಲ್ಲೂ ಒಂದು ಇರಲಿ. ಚುಚ್ಚುವಾಗ ಇರುವೆ ಕಚ್ಚಿದಂತಾಗುತ್ತದೆ, ಸ್ವಲ್ಪ ಉರಿ. ತಡೆಯಲಾಗದ ಉರಿ ಬಂದರೆ, ಆ ಜಾಗ ಸುಣ್ಣದಂತೆ ಬಿಳಿಚಿಕೊಂಡರೆ ತಕ್ಷಣ ಬಾಯಿಬಿಟ್ಟು ಹೇಳಿ, ಸಹಿಸಿಕೊಂಡು ಸುಮ್ಮನಿರಬೇಡಿ. ಮುಗಿದ ಮೇಲೆ ಸ್ಟಾಕಿಂಗ್ಸ್ ತೊಟ್ಟು ಅಲ್ಲೇ ಆವರಣದಲ್ಲಿ ಅರ್ಧ ಗಂಟೆ ನಡೆದಾಡಿ. ಇದರಿಂದ ಆಳದ ನಾಳಗಳಲ್ಲಿ ರಕ್ತ ನಿಲ್ಲುವುದಿಲ್ಲ, ಅಲರ್ಜಿ ಆದರೂ ವೈದ್ಯರ ಕಣ್ಣೆದುರೇ ಇರುತ್ತೀರಿ. ಸೊಲ್ಲಾಪುರದಿಂದ ವಿಜಯಪುರಕ್ಕೆ ಸುಮಾರು 100 ಕಿಲೋಮೀಟರ್. ಇಷ್ಟು ದೂರ ಬಸ್ಸಿನಲ್ಲಿ ಮರಳುವವರು ಕುಳಿತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಿ, ಬಸ್ ನಿಂತಲ್ಲೆಲ್ಲ ಇಳಿದು ನಡೆಯಿರಿ.

ಹಂತ 8: ನಂತರದ ವಾರಗಳು

ಮನೆಗೆ ಬಂದವರನ್ನು ಹಾಸಿಗೆಯಲ್ಲಿ ಮಲಗಿಸಿಬಿಡುವುದು ನಮ್ಮಲ್ಲಿ ಪ್ರೀತಿಯಿಂದ ಮಾಡುವ ತಪ್ಪು. ಮಲಗಬಾರದು. ಅಂದಿನಿಂದಲೇ ದಿನವೂ ನಡೆಯಬೇಕು. ವೈದ್ಯರು ಹೇಳಿದಷ್ಟು ದಿನ ಸ್ಟಾಕಿಂಗ್ಸ್ ತೊಡಬೇಕು. ಎರಡು ವಾರ ಭಾರ ಎತ್ತುವುದು, ಓಡುವುದು, ಕುದಿಯುವ ನೀರಿನ ಸ್ನಾನ, ಎಳೆಗಳ ಮೇಲೆ ನೇರ ಬಿಸಿಲು ಬೇಡ.

ಚುಚ್ಚಿದ ಜಾಗದಲ್ಲಿ ಕೆಲವು ದಿನ ನೀಲಿಗಟ್ಟುವುದು, ತುರಿಕೆ, ಸಣ್ಣ ಉಬ್ಬು ಸಹಜ. ಕೆಲವು ಕಡೆ ಕಪ್ಪು ಗಂಟಿನಂತೆ ನಿಂತು ನೋಯುತ್ತದೆ. ಅದು ಮುಚ್ಚಿದ ನಾಳದೊಳಗೆ ಸಿಕ್ಕಿಕೊಂಡ ಹಳೆಯ ರಕ್ತ. ವೈದ್ಯರು ಸೂಜಿಯಿಂದ ಚುಚ್ಚಿ ಹೊರತೆಗೆಯುತ್ತಾರೆ, ಹಾಗೆ ತೆಗೆದರೆ ಕಲೆಯೂ ಕಡಿಮೆ. ಆದ್ದರಿಂದ ಎರಡು ಮೂರು ವಾರಗಳಾದ ಮೇಲೆ ಒಮ್ಮೆ ತೋರಿಸಿಕೊಳ್ಳುವುದನ್ನು ತಪ್ಪಿಸಬೇಡಿ.

ಎಳೆ ಹೋದ ದಾರಿಯಲ್ಲಿ ಕಂದು ಗೆರೆ ಉಳಿಯುವುದು ಎಲ್ಲಕ್ಕಿಂತ ಹೆಚ್ಚು ಕಾಣುವ ತೊಂದರೆ. ರಕ್ತದಲ್ಲಿದ್ದ ಕಬ್ಬಿಣದ ಅಂಶ ಚರ್ಮದಲ್ಲಿ ಇಳಿದು ಉಳಿಯುವುದರಿಂದ ಈ ಬಣ್ಣ. ನನ್ನ ಎಡಗಾಲಿನ ಗೆರೆ ಮಾಸಲು ಹತ್ತಿರ ಒಂದು ವರ್ಷ ಹಿಡಿಯಿತು, ಅದರ ಸಾಧ್ಯತೆಯನ್ನು ಯಾರೂ ನನಗೆ ಮುಂಚೆ ಹೇಳಿರಲಿಲ್ಲ. ನಿಮಗೆ ನಾನು ಹೇಳುತ್ತಿದ್ದೇನೆ. ಹೆಚ್ಚಿನವರಲ್ಲಿ ಆರರಿಂದ ಹನ್ನೆರಡು ತಿಂಗಳಲ್ಲಿ ತಾನಾಗಿ ಮಾಸುತ್ತದೆ, ಅಪರೂಪಕ್ಕೆ ಉಳಿದುಬಿಡುತ್ತದೆ. ಬಿಳಿಯಾಗಿಸುವ ಕ್ರೀಮುಗಳು ಇದಕ್ಕೆ ಫಲ ಕೊಡುವುದಿಲ್ಲ. ಅವು ಚರ್ಮದ ಬಣ್ಣದ ಮೇಲೆ ಕೆಲಸ ಮಾಡುತ್ತವೆಯೇ ಹೊರತು ಕಬ್ಬಿಣದ ಮೇಲಲ್ಲ. ಇನ್ನು ಕೆಲವರಿಗೆ ಚುಚ್ಚಿದ ಜಾಗದ ಸುತ್ತ ಕೆಂಪು ಮಂಜಿನಂತೆ ಅತಿ ಸಣ್ಣ ಹೊಸ ಎಳೆಗಳು ಮೂಡುತ್ತವೆ. ಅವಸರದಲ್ಲಿ ಮತ್ತೆ ಚುಚ್ಚಿಸಬೇಡಿ. ಕೆಲವು ತಿಂಗಳು ಕಾದರೆ ಹೆಚ್ಚಿನವು ಇಳಿಯುತ್ತವೆ, ಇಳಿಯದಿದ್ದರೆ ಉಣಿಸುವ ನಾಳ ಒಳಗೆ ಉಳಿದಿದೆಯೇ ಎಂದು ನೋಡಿಸಿ.

ಚುಚ್ಚಿದ ಜಾಗ ಕಪ್ಪಾಗಿ ಹುಣ್ಣಾಗತೊಡಗಿದರೆ, ಮೀನಖಂಡ ಊದಿ ನೋಯತೊಡಗಿದರೆ, ಕಣ್ಣು ಮಂಜಾದರೆ, ಉಸಿರು ಕಟ್ಟಿದರೆ ಮುಂದಿನ ಭೇಟಿಯ ದಿನಕ್ಕೆ ಕಾಯಬೇಡಿ.

ಮುಖದ ಮೇಲಿನ ಎಳೆಗಳಿಗೆ ಬೇರೆ ದಾರಿ

ಕೆನ್ನೆ, ಮೂಗಿನ ಮೇಲೆ ಕೆಂಪು ಎಳೆಗಳು ಬಂದಿವೆ ಎನ್ನುವ ಹುಡುಗಿಯರಿಗೆ ನಾನು ಮೊದಲು ಕೇಳುವುದು, ಮುಖಕ್ಕೆ ಏನು ಹಚ್ಚುತ್ತೀರಿ ಎಂದು. ಔಷಧ ಅಂಗಡಿಯಿಂದ ಚೀಟಿಯಿಲ್ಲದೆ ತಂದ ಬೆಳ್ಳಗಾಗುವ ಕ್ರೀಮಿನ ಟ್ಯೂಬ್ ತಿರುಗಿಸಿ ಓದಿ. ಬೆಟಾಮೆಥಾಸೋನ್, ಕ್ಲೊಬೆಟಾಸೋಲ್, ಮೊಮೆಟಾಸೋನ್ ಎಂದಿದ್ದರೆ ಅದು ಸ್ಟಿರಾಯ್ಡ್. ತಿಂಗಳುಗಟ್ಟಲೆ ಹಚ್ಚಿದರೆ ಮುಖದ ಚರ್ಮ ತೆಳುವಾಗಿ ನಾಳಗಳು ಹಿಗ್ಗಿ ಕಾಣತೊಡಗುತ್ತವೆ. ಆ ಕ್ರೀಮ್ ನಿಲ್ಲಿಸದೆ ಲೇಸರ್ ಮಾಡಿಸಿದರೆ ಹಣ ನೀರುಪಾಲು. ನಿಲ್ಲಿಸಿದೊಡನೆ ಮುಖ ಕೆಂಪಾಗಿ ಉರಿಯಬಹುದು, ಆದ್ದರಿಂದ ಚರ್ಮರೋಗ ತಜ್ಞರ ನೆರವಿನಿಂದಲೇ ಬಿಡಿ. ಕ್ರೀಮ್ ಬಿಟ್ಟು ಚರ್ಮ ಸುಧಾರಿಸಿದ ಮೇಲೆ ಉಳಿದ ಎಳೆಗಳಿಗೆ ಲೇಸರ್ ಮಾಡಿಸಬಹುದು. ಚರ್ಮ ವೈದ್ಯರ ಬಳಿಗೆ ಹೋಗುವಾಗ ಆ ಟ್ಯೂಬನ್ನು ಎಸೆಯದೆ ಚೀಲದಲ್ಲಿ ಹಾಕಿಕೊಂಡು ಹೋಗಿ.